ದಿವಾನರಾದ ಎಂಜಿನಿಯರ್

— ಮಾವ, ವಿಶ್ವೇಶ್ವರಯ್ಯನವರ ಮಾತು ಬಂದರೆ ನೀವು ನೇರ ಕನ್ನಂಬಾಡಿ ಅಣೆಕಟ್ಟೆಗೇ ಹೋಗಿಬಿಡುತ್ತೀರಿ. ನಾನು ಕೇಳುತ್ತಿರುವುದು ಬೇರೆ. 1912ರ ನವೆಂಬರ್‌ನಿಂದ 1918ರ ಡಿಸೆಂಬರ್‌ವರೆಗೆ ಅವರು ಮೈಸೂರಿನ ದಿವಾನರು. ಅಂದರೆ ಸರ್ಕಾರದ ಮುಖ್ಯಸ್ಥರು. ಎಂಜಿನಿಯರ್ ಒಬ್ಬರು ರಾಜ್ಯಭಾರ ನಡೆಸಿದ್ದು ಹೇಗೆ, ಎಲ್ಲಿ ಗೆದ್ದರು, ಎಲ್ಲಿ ಎಡವಿದರು? ಇದನ್ನು ನಮ್ಮಲ್ಲಿ ಯಾರೂ ಬಿಡಿಸಿ ನೋಡುವುದಿಲ್ಲ.

— ಕನ್ನಂಬಾಡಿಯನ್ನು ಬಿಟ್ಟು ಆ ರಾಜ್ಯಭಾರ ಅರ್ಥವಾಗುವುದಿಲ್ಲ ಕಣಮ್ಮ. ಆದರೂ ನಿನ್ನ ದಾರಿಯಲ್ಲೇ ಬರುತ್ತೇನೆ. ಮೊದಲು ಮನುಷ್ಯ ಎಲ್ಲಿಂದ ಬಂದವರು ನೋಡು. ಮುದ್ದೇನಹಳ್ಳಿಯ ಹುಡುಗ. ಬೆಂಗಳೂರಿನಲ್ಲಿ ಓದಿ, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಸಿಂಧ್‌ನ ಸುಕ್ಕೂರಿಗೆ ಕುಡಿಯುವ ನೀರು ಕೊಟ್ಟರು. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ಪ್ರತಿ ಮಳೆಗಾಲ ಕೋಡಿಯ ಮೇಲೆ ನೀರು ಹರಿದು ಪೋಲಾಗುತ್ತಿತ್ತು. ಅದನ್ನು ಹಿಡಿದಿಡಲು ಕಟ್ಟೆಯನ್ನೇ ಎತ್ತರಿಸಬೇಕು ಅನ್ನುವುದು ಎಲ್ಲರಿಗೂ ಹೊಳೆಯುವ ಮಾತು. ಅದಕ್ಕೆ ಖರ್ಚು ಹೆಚ್ಚು, ಹಳೆಯ ಕಟ್ಟೆ ಆ ಭಾರ ತಡೆಯಬೇಕು ಬೇರೆ. ಇವರು ಕೋಡಿಯ ಮೇಲೆ ಬಾಗಿಲು ಕೂರಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೂ ಮುಚ್ಚಿಕೊಂಡಿರುತ್ತವೆ, ಮಟ್ಟ ಮೀರಿತೋ ತಾವಾಗಿಯೇ ತೆರೆದುಕೊಳ್ಳುತ್ತವೆ. 1903ರ ಮಾತು ಇದು. ಕಟ್ಟೆಯ ಮೇಲೆ ಒಂದು ಕಲ್ಲೂ ಇಡದೆ ಕೆರೆಯಲ್ಲಿ ಸುಮಾರು ಎಂಟು ಅಡಿ ನೀರು ಹೆಚ್ಚು ನಿಂತಿತು. ಇರುವುದರಿಂದಲೇ ಇನ್ನಷ್ಟು ತೆಗೆಯುವುದು. ಅವರ ಇಡೀ ಬುದ್ಧಿಯ ದಾರಿ ಅದು.

— ಬ್ಲಾಕ್ ಪದ್ಧತಿಯೂ ಆಗಲೇ ಬಂದದ್ದಲ್ಲವಾ?

— ಅದಕ್ಕೂ ಸ್ವಲ್ಪ ಮುಂಚೆ. ನನ್ನ ಕೇಳಿದರೆ ಬಾಗಿಲಿಗಿಂತ ಅದೇ ದೊಡ್ಡದು. ಪುಣೆಯ ಕಡೆ ನಾಲೆಯ ನೀರು ಕೆಲವರ ಜಮೀನಿಗೆ ಮಿತಿಮೀರಿ ಹರಿದು ಭೂಮಿ ಜೌಗಾಗುತ್ತಿತ್ತು, ಸೊಳ್ಳೆ, ಚಳಿಜ್ವರ. ಉಳಿದವರಿಗೆ ನೀರೇ ಇಲ್ಲ. ಇವರು ಭೂಮಿಯನ್ನು ಬ್ಲಾಕ್‌ಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಕಬ್ಬು, ಒಂದು ಪಾಲಿನಲ್ಲಿ ಭತ್ತ, ಒಂದು ಪಾಲಿನಲ್ಲಿ ಒಣ ಬೆಳೆ, ಸರದಿಯ ಮೇಲೆ ಅಂತ ಗೊತ್ತುಮಾಡಿದರು. ಅಷ್ಟೇ ನೀರು, ಹೆಚ್ಚು ಹಳ್ಳಿ. ಮೊದಲು ವಿರೋಧ ಬಂತು, ಪತ್ರಿಕೆಗಳಲ್ಲೂ ಬಂತು. ಕೂತು ವಿವರಿಸಿ ಒಪ್ಪಿಸಿದರು.

— ಇದನ್ನು ನೆನಪಿಟ್ಟುಕೊಳ್ಳುತ್ತೇನೆ ಮಾವ. ಆಮೇಲೆ ಬೇಕಾಗುತ್ತದೆ.

— ಇಟ್ಟುಕೋ. ಮುಂಬಯಿಯಲ್ಲಿ ಎಷ್ಟೋ ಹಿರಿಯರನ್ನು ದಾಟಿ ಮೇಲೆ ಬಂದಿದ್ದರು. ಆದರೆ ತೀರ ಮೇಲಿನ ಕುರ್ಚಿಗಳು ಆಗ ಬಿಳಿಯರಿಗೆ ಮೀಸಲು ಇದ್ದ ಹಾಗೆ. 1908ರಲ್ಲಿ ತಾವಾಗಿ ನಿವೃತ್ತಿ ತೆಗೆದುಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಕೊಂಡು ಹೋಯಿತು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಇವತ್ತಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅವರ ಸಲಹೆಯ ಫಲ. ಅಲ್ಲಿಂದ 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್. ಮೈಸೂರು ಕರೆದಾಗಲೂ ತಕ್ಷಣ ಹೂಂ ಅನ್ನಲಿಲ್ಲ. ತಾಂತ್ರಿಕ ಶಿಕ್ಷಣಕ್ಕೆ, ಕೈಗಾರಿಕೆಗೆ ಅಲ್ಲಿ ಅವಕಾಶ ಇದೆಯೇ ಅಂತ ಮೊದಲು ಕೇಳಿ ಬರೆದರು. ರಸ್ತೆ, ಕಟ್ಟಡ ನೋಡಿಕೊಂಡು ಇರುವ ನೌಕರಿ ಅವರಿಗೆ ಬೇಕಿರಲಿಲ್ಲ.

— ಅಂದರೆ ದಿವಾನರಾಗುವ ಮೊದಲೇ ದಿವಾನಗಿರಿ ಶುರುವಾಗಿತ್ತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಕೂಡಿಸಿದಾಗ ಅವರು ಇನ್ನೂ ಚೀಫ್ ಎಂಜಿನಿಯರ್. ವ್ಯವಸಾಯಕ್ಕೊಂದು, ಶಿಕ್ಷಣಕ್ಕೊಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೊಂದು ಸಮಿತಿ. ಅಧಿಕಾರಿಗಳ ಜೊತೆಗೆ ಊರಿನ ತಿಳಿದವರನ್ನೂ ಕೂರಿಸಿದರು. ಇದು ಅಣೆಕಟ್ಟೆ ಕಟ್ಟುವವರ ಕೆಲಸವಲ್ಲ, ಆಳುವವರ ಕೆಲಸ.

— ಈಗ ನಾನು ಕನ್ನಂಬಾಡಿಗೆ ಹೋಗಲೇಬೇಕು, ತಡೆಯಬೇಡ. ಅಲ್ಲಿ ಎಂಜಿನಿಯರಿಂಗ್ ಎಲ್ಲಿ ಮುಗಿಯಿತು, ರಾಜಕಾರಣ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸುವುದಕ್ಕಾಗುವುದಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಿಂದ ವಿದ್ಯುತ್ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗಣಿಯ ಕೆಲಸಕ್ಕೆ ಕುತ್ತು. ಅದಕ್ಕೆ ಮೇಲೆ ನೀರು ಹಿಡಿಯಬೇಕು. ಜೊತೆಗೆ ಮಂಡ್ಯದ ಕಡೆಯ ಒಣ ನೆಲಕ್ಕೆ ನಾಲೆ. ಖರ್ಚು ಸುಮಾರು ಎರಡೂವರೆ ಕೋಟಿ ರೂಪಾಯಿ. ಆಗಿನ ಸಂಸ್ಥಾನಕ್ಕೆ ಹೆಚ್ಚುಕಡಿಮೆ ಒಂದು ವರ್ಷದ ವರಮಾನ. ಹಣಕಾಸಿನವರಿಗೆ ಎದೆ ನಡುಗಿದ್ದರೆ ತಪ್ಪಲ್ಲ. ಮದ್ರಾಸು ಸರ್ಕಾರದ ತಕರಾರು ಬೇರೆ. ಅವರಿಗೆ ಮೆಟ್ಟೂರಿನಲ್ಲಿ ತಮ್ಮದೇ ಯೋಜನೆ ಇತ್ತು. ಕೊನೆಗೆ ಮೈಸೂರಿಗೆ ಸಿಕ್ಕಿದ್ದು ಹನ್ನೊಂದು ಟಿಎಂಸಿಯ ಸಣ್ಣ ಜಲಾಶಯಕ್ಕೆ ಅನುಮತಿ.

— ಆದರೆ ಪಾಯ ಹಾಕಿದ್ದು ದೊಡ್ಡ ಕಟ್ಟೆಗೆ.

— ಹೌದು. ಅದನ್ನೇ ಹೇಳಲು ಹೊರಟಿದ್ದೆ. ಪಾಯದ ಅಗಲ ಪೂರ್ತಿ ಎತ್ತರದ ಕಟ್ಟೆಯನ್ನು ಹೊರುವಷ್ಟು. ನಮ್ಮ ಎಂಜಿನಿಯರ್ ಕಸುಬಿನವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಕಟ್ಟೆಯ ಮೇಲೆ ಯಾವಾಗ ಬೇಕಾದರೂ ಕಟ್ಟಡ ಏರಿಸಬಹುದು, ಆದರೆ ನೀರು ನಿಂತ ಮೇಲೆ ಪಾಯ ಅಗಲಿಸುವುದು ಆಗದ ಮಾತು. ಆ ಒಂದು ನಿರ್ಧಾರದಲ್ಲಿ ಮೈಸೂರಿನ ನೂರು ವರ್ಷ ಕೂತಿತ್ತು. ಮದ್ರಾಸು ಸುಮ್ಮನಿರಲಿಲ್ಲ, ಮಧ್ಯಸ್ಥಿಕೆಗೆ ಹೋಯಿತು. 1914ರಲ್ಲಿ ಮಧ್ಯಸ್ಥಗಾರ ಗ್ರಿಫಿನ್ ಅವರ ತೀರ್ಪು ಮೈಸೂರಿನ ಕಡೆ ಒಲಿಯಿತು, ಮತ್ತೆ ಮೇಲ್ಮನವಿ, ಕೊನೆಗೆ 1924ರ ಒಪ್ಪಂದ. ಅಷ್ಟೂ ಹೊತ್ತು ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟುತ್ತಲೇ ಇದ್ದರು. ಸಿಮೆಂಟ್ ಇಲ್ಲ, ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿ.

— ಕಾವೇರಿಯ ಕೆಳಗಿನವರು ಇದನ್ನು ಬೇರೆ ಥರ ಹೇಳುತ್ತಾರೆ ಮಾವ. ಅನುಮತಿ ಒಂದಕ್ಕೆ, ಕಟ್ಟಿದ್ದು ಇನ್ನೊಂದಕ್ಕೆ ಅಂತ.

— ಹೇಳಲಿ. ಅವರಿಗೆ ಆ ಹಕ್ಕಿದೆ. ನಾನು ಹೇಳುವುದು ಇಷ್ಟೇ: ತಜ್ಞರು ಲೆಕ್ಕ ಮಾತ್ರ ಹಾಕುತ್ತಾರೆ, ಧೈರ್ಯದ ನಿರ್ಧಾರ ರಾಜಕಾರಣಿಗಳದು ಅನ್ನುವ ಮಾತು ಇವರ ವಿಷಯದಲ್ಲಿ ನಿಲ್ಲುವುದಿಲ್ಲ. ಲೆಕ್ಕ ಗೊತ್ತಿದ್ದರಿಂದಲೇ ಆ ಧೈರ್ಯ ಬಂತು.

— ಇದು ನನಗೂ ಒಪ್ಪಿಗೆ. ಆದರೆ ಆ ಆರು ವರ್ಷಗಳಲ್ಲಿ ನನಗೆ ಕಟ್ಟೆಗಿಂತ ದೊಡ್ಡದಾಗಿ ಕಾಣುವುದು ಬೇರೆ. ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರಲ್ಲ, ವೈಸರಾಯರ ಶಾಸನಸಭೆಯಲ್ಲಿ ಅದು 1912ರಲ್ಲಿ ಬಿದ್ದುಹೋಯಿತು. ಮರುವರ್ಷವೇ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆರಿಸಿದ ಊರುಗಳಲ್ಲಿ ಮಾತ್ರ ಕಡ್ಡಾಯ, ನಿಜ. ಆದರೂ ಬ್ರಿಟಿಷ್ ಇಂಡಿಯಾ ಕೈಬಿಟ್ಟದ್ದನ್ನು ಇಲ್ಲಿ ಎತ್ತಿಕೊಂಡರು. ಪುಣೆಯಲ್ಲಿ ಗೋಖಲೆ, ರಾನಡೆಯವರ ಒಡನಾಟದಲ್ಲಿ ಬೆಳೆದ ಮನಸ್ಸು ಅದು. ಅವರು ದಿವಾನಗಿರಿ ಬಿಡುವ ಹೊತ್ತಿಗೆ ಸಂಸ್ಥಾನದ ಶಾಲೆಗಳು ದುಪ್ಪಟ್ಟಿಗಿಂತ ಹೆಚ್ಚಾಗಿದ್ದವು.

— ಹೆಬ್ಬಾಳದ ಕೃಷಿ ಶಾಲೆ, 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಮರುವರ್ಷ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ದೇಶೀಯ ಸಂಸ್ಥಾನವೊಂದರಲ್ಲಿ ವಿಶ್ವವಿದ್ಯಾಲಯ ಅನ್ನುವುದು ಅಲ್ಲಿಯವರೆಗೆ ಕೇಳಿದ್ದೇ ಅಲ್ಲ. ಎಚ್.ವಿ. ನಂಜುಂಡಯ್ಯನವರೇ ಪರಿಷತ್ತಿನ ಮೊದಲ ಅಧ್ಯಕ್ಷರು, ಅವರೇ ವಿಶ್ವವಿದ್ಯಾಲಯದ ಮೊದಲ ಕುಲಪತಿ. ಯಾವ ಕೆಲಸಕ್ಕೆ ಯಾರು ಅನ್ನುವುದು ದಿವಾನರಿಗೆ ಗೊತ್ತಿತ್ತು.

— ಗಂಧದೆಣ್ಣೆ ಬಿಟ್ಟಿರಿ.

— ಅದನ್ನು ಬಿಡುವುದುಂಟೇ? ನಮ್ಮ ಗಂಧದ ಮರ ಹರಾಜಾಗಿ ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಅವರು, ಲಾಭವೂ ಅವರದು. 1914ರಲ್ಲಿ ಯುದ್ಧ ಶುರುವಾಗಿ ಕೊಳ್ಳುವವರೇ ಇಲ್ಲವಾದರು. ಸಂಸ್ಥಾನದ ಆದಾಯಕ್ಕೆ ಅದು ದೊಡ್ಡ ಏಟು. ಇವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳನ್ನು ಹಿಡಿದು, 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಹಾಕಿಸಿದರು. ಆಮೇಲೆ ಸೋಪು ಬಂತು. ಕಷ್ಟ ಬಂದಾಗ ರಿಯಾಯಿತಿ ಕೇಳಿಕೊಂಡು ಸಿಮ್ಲಾಕ್ಕೆ ಹೋಗದೆ ಪ್ರಯೋಗಾಲಯಕ್ಕೆ ಹೋದ ಸರ್ಕಾರ ಅದು. ಇಂಥ ಸರ್ಕಾರ ನನಗೆ ಇವತ್ತೂ ಬೇಕು.

— ನನಗೂ ಬೇಕು ಮಾವ. ಈಗ 1918ಕ್ಕೆ ಬರೋಣ.

— ಬಂದೆಯಾ?

— ಬರದೆ ಹೇಗೆ? ಆ ವರ್ಷ ಬಿಟ್ಟರೆ ನಾವು ಮಾಡುತ್ತಿರುವುದು ಸ್ತೋತ್ರವಾಗುತ್ತದೆ. ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ ಐದು ಮಂದಿಯೂ ಇರಲಿಲ್ಲ. ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಅವರ ಕೈಯಲ್ಲಿದ್ದವು. ಲಿಂಗಾಯತರು, ಒಕ್ಕಲಿಗರು ತಮ್ಮ ಸಂಘಗಳನ್ನು ಕಟ್ಟಿಕೊಂಡು ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು. ಮದ್ರಾಸಿನಲ್ಲಿ ಬ್ರಾಹ್ಮಣೇತರರ ಪಕ್ಷ ಹುಟ್ಟಿತ್ತು. ಇಲ್ಲಿ 1917ರಲ್ಲಿ ಪ್ರಜಾಮಿತ್ರ ಮಂಡಳಿ. ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ಒಟ್ಟಿಗೆ ಹೋಗಿ ಮಹಾರಾಜರ ಮುಂದೆ ನಿಂತು ಸರ್ಕಾರಿ ಕೆಲಸದಲ್ಲಿ ನಮಗೂ ಪಾಲು ಬೇಕು ಅಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಜಡ್ಜ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರ ಆಗಸ್ಟ್‌ನಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಡಿಸೆಂಬರಿನಲ್ಲಿ ಅಧಿಕಾರ ಬಿಟ್ಟರು.

— ಅವರ ಮಾತೂ ಕೇಳಬೇಕಲ್ಲ. ಹುದ್ದೆಗೆ ಅರ್ಹತೆ ಬೇಕು, ಅದನ್ನು ಪರೀಕ್ಷೆ ತೋರಿಸುತ್ತದೆ, ಹಿಂದುಳಿದವರಿಗೆ ಶಾಲೆ ಕೊಡಿ, ವಿದ್ಯಾರ್ಥಿವೇತನ ಕೊಡಿ, ಮೇಲೆ ಬರುತ್ತಾರೆ. ಜಾತಿ ನೋಡಿ ಹುದ್ದೆ ಹಂಚಿದರೆ ಆಡಳಿತ ಕೆಡುತ್ತದೆ. ಇದು ಅವರ ನಿಲುವು. ಸ್ವಾರ್ಥಕ್ಕೆ ಹೇಳಿದ ಮಾತು ಅಂತ ನಾನು ಒಪ್ಪುವುದಿಲ್ಲ. ಅವರನ್ನು ಸ್ವಾರ್ಥಿ ಅಂತ ಅವರ ಶತ್ರುಗಳೂ ಕರೆಯಲಿಲ್ಲ.

— ನಾನೂ ಕರೆಯುತ್ತಿಲ್ಲ. ನನಗೆ ಅನ್ನಿಸುವುದು ಹೇಳಲಾ? ಮುಂಬಯಿಯಲ್ಲಿ ಅವರ ಯೋಗ್ಯತೆಗೆ ಅಡ್ಡ ಬಂದದ್ದು ಅವರ ಹುಟ್ಟು, ಭಾರತೀಯ ಅನ್ನುವುದು. ಅಂಥವರಿಗೆ ಪರೀಕ್ಷೆ ಅಂದರೆ ನ್ಯಾಯ. ಹುಟ್ಟು ಕೇಳದೆ ಉತ್ತರ ಪತ್ರಿಕೆ ನೋಡುವ ಏರ್ಪಾಡು. ಅದು ಅವರ ಬದುಕೇ ಕಲಿಸಿದ ಪಾಠ. ಆದರೆ ಅದೇ ಪರೀಕ್ಷೆಯ ಕೊಠಡಿಯ ಬಾಗಿಲವರೆಗೂ ಬರಲಾಗದವರಿಗೆ ಅದು ಹೇಗೆ ಕಾಣುತ್ತದೆ ಅನ್ನುವುದು ಅವರಿಗೆ ಕಾಣಲಿಲ್ಲ. ತಲೆಮಾರುಗಳಿಂದ ಓದು ಮನೆಯಲ್ಲಿದ್ದವರು, ಮೊನ್ನೆ ಅಕ್ಷರ ಕಲಿತವರು, ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಅಳೆದರೆ ಅಳತೆ ಸರಿಯಾಗಿಯೇ ಇರುತ್ತದೆ. ನ್ಯಾಯ ಮಾತ್ರ ಆಗುವುದಿಲ್ಲ.

— ಹಾಗಂತ ಅರ್ಹತೆ ಬೇಡ ಅನ್ನುತ್ತೀಯಾ?

— ಬೇಡ ಅನ್ನಲಿಲ್ಲ. ನೀವು ಬ್ಲಾಕ್ ಪದ್ಧತಿ ಹೇಳಿದಿರಲ್ಲ. ನಾಲೆಯ ಹತ್ತಿರ ಜಮೀನಿದ್ದವರಿಗೆ ನೀರು ಹೋಗಲಿ, ದೂರದವರು ಆಮೇಲೆ ನೋಡಿಕೊಳ್ಳಲಿ ಅಂತ ಅವರು ಅನ್ನಲಿಲ್ಲ. ಸರದಿ ಇಟ್ಟರು. ದೊಡ್ಡವರು ಕೂಗಾಡಿದರೂ ಇಟ್ಟರು. ನೀರಿನಲ್ಲಿ ಕಂಡ ನ್ಯಾಯವನ್ನು ಕಚೇರಿಯಲ್ಲಿ ಕಾಣದೆ ಹೋದರು. ಇದು ನನಗೆ ನಿಜವಾಗಿ ನೋವು ಕೊಡುತ್ತದೆ ಮಾವ, ಯಾಕೆಂದರೆ ಬೇರೆ ಯಾವ ದಿವಾನರಿಗಿಂತಲೂ ಇವರಿಗೆ ಅದು ಕಾಣಬೇಕಿತ್ತು.

— ನೀರಿಗೆ ಅರ್ಹತೆ ಇಲ್ಲ, ಹುದ್ದೆಗೆ ಇದೆ. ಎರಡನ್ನೂ ಒಂದು ಮಾಡಬೇಡ.

— ಸರಿ, ಹುದ್ದೆಗೇ ಬರೋಣ. ಮಿಲ್ಲರ್ ಸಮಿತಿ 1919ರಲ್ಲಿ ಹೇಳಿದ್ದೇನು? ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಈ ಸಮುದಾಯಗಳಿಗೆ ಸಿಗುವ ಹಾಗೆ ಮಾಡಿ ಅಂತ. ಆ ವೇಳೆಗೆ ದಿವಾನರಾಗಿ ಕಾಂತರಾಜೇ ಅರಸರು ಬಂದಿದ್ದರು. 1921ರಲ್ಲಿ ಆಜ್ಞೆ ಹೊರಟಿತು. ಆಡಳಿತ ಕೆಟ್ಟಿತೇ? ಇಪ್ಪತ್ತು ಮೂವತ್ತರ ದಶಕದ ಮೈಸೂರನ್ನು ಮಾದರಿ ಸಂಸ್ಥಾನ ಅಂತ ಹೊಗಳಿದರಲ್ಲ, ಅದು ಈ ಆಜ್ಞೆ ಜಾರಿಯಲ್ಲಿದ್ದ ಮೈಸೂರು. ಕನ್ನಂಬಾಡಿ ಪೂರ್ತಿಯಾದದ್ದು, ಮಂಡ್ಯಕ್ಕೆ ನಾಲೆ ಬಂದದ್ದು, ಸಕ್ಕರೆ ಕಾರ್ಖಾನೆ ಎದ್ದದ್ದು, ಎಲ್ಲ ಆ ಆಡಳಿತದ ಕೈಯಲ್ಲೇ.

— ಹೂಂ.

— ಇನ್ನೊಂದು ಇದೆ, ಮನೆಯ ಮಾತು. ನಿಮ್ಮ ಅಪ್ಪ, ನನ್ನ ತಾತ, ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿತ ಮೊದಲನೆಯವರು ನಮ್ಮ ಮನೆಯಲ್ಲಿ. ಮೂವತ್ತರ ದಶಕದಲ್ಲಿ ರೆವಿನ್ಯೂ ಇಲಾಖೆಗೆ ಗುಮಾಸ್ತರಾಗಿ ಸೇರಿದರು. ಅವರ ಸಂಬಳದಲ್ಲಿ ನೀವು ಎಂಜಿನಿಯರಿಂಗ್ ಓದಿದಿರಿ, ಅಮ್ಮ ಟೀಚರ್ ಆದರು. ಆ ಶಾಲೆ ಬಂದದ್ದು ವಿಶ್ವೇಶ್ವರಯ್ಯನವರ ಗಾಳಿಯಲ್ಲಿ. ಆ ಗುಮಾಸ್ತಿಕೆಯ ಬಾಗಿಲು ತೆರೆದದ್ದು ಅವರು ಒಪ್ಪದ ಆಜ್ಞೆಯಲ್ಲಿ.

— ಅಪ್ಪ ಅದನ್ನು ಹೇಳುತ್ತಿದ್ದರು. ದಿವಾನರ ಫೋಟೋ ಗೋಡೆಯ ಮೇಲಿಟ್ಟು, ಕಾಂತರಾಜೇ ಅರಸರ ಹೆಸರು ಹೇಳಿ ಕೈಮುಗಿಯುತ್ತಿದ್ದರು. ನನಗೆ ಆಗ ಗೊತ್ತಾಗುತ್ತಿರಲಿಲ್ಲ. ಒಂದು ಮಾತು ನಿಜ ಕಣಮ್ಮ. 1918ರಲ್ಲಿ ಮನವಿ ಹಿಡಿದು ಅರಮನೆಗೆ ಹೋದವರು ಓದಿದವರು. ಓದು ಹಬ್ಬಿಸಿದ್ದು ಸರ್ಕಾರ. ಶಾಲೆ ಹೆಚ್ಚಿಸಿ ಅಂತ ಹೇಳಿದವರೇ ಕೇಳುವ ಬಾಯಿಗಳನ್ನೂ ಹೆಚ್ಚಿಸಿದರು. ಆ ಕೇಳಿಕೆ ಅವರ ಯೋಜನೆಯ ಫಲ ಅಂತ ಅವರು ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು.

— ಅದೇ ನನ್ನ ಮಾತು. ಲೆಕ್ಕದಲ್ಲಿ ತಪ್ಪಲಿಲ್ಲ, ತಮ್ಮದೇ ಕೆಲಸದ ಫಲ ಮನುಷ್ಯರ ರೂಪದಲ್ಲಿ ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ.

— ಆದರೂ ಹೋದ ರೀತಿ ನೋಡು. ಕುರ್ಚಿಗೆ ಅಂಟಿಕೊಳ್ಳಲಿಲ್ಲ, ಪಂಗಡ ಕಟ್ಟಲಿಲ್ಲ. ತಮಗೆ ಒಪ್ಪದ ನೀತಿಯನ್ನು ಕುರ್ಚಿಯಲ್ಲಿ ಕೂತು ಒಳಗಿಂದ ಕೆಡಿಸಲಿಲ್ಲ. ಮೈಸೂರು ಮತ್ತೆ ಕರೆದಾಗ ಬಂದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿ ನಷ್ಟದಲ್ಲಿ ಮುಳುಗುತ್ತಿತ್ತು. ದಿವಾನರಾಗಿದ್ದವರು, ಅರವತ್ತು ದಾಟಿದವರು, ಹೋಗಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು 1929ರವರೆಗೆ ಅದನ್ನು ದಡ ಹತ್ತಿಸಲು ದುಡಿದರು. ಮೇಲಿನ ಹುದ್ದೆಯಿಂದ ಕೆಳಗಿಳಿದು ಕೆಲಸ ಮಾಡಲು ಅವರಿಗೆ ಸಂಕೋಚ ಇರಲಿಲ್ಲ. ಇವತ್ತು ಮಾಜಿ ಮಂತ್ರಿಗಳಲ್ಲಿ ಒಬ್ಬರನ್ನು ಹಾಗೆ ತೋರಿಸು.

— ತೋರಿಸಲಾರೆ. ಆ ಗೌರವದಲ್ಲಿ ನನ್ನದೇನೂ ತಕರಾರಿಲ್ಲ.

— ಹಾಗಾದರೆ ಹೇಳು, ತಜ್ಞರ ಕೈಗೆ ಸರ್ಕಾರ ಕೊಡಬಾರದು ಅಂತಲೇ ನಿನ್ನ ತೀರ್ಮಾನ?

— ಅಲ್ಲ ಮಾವ. ಕೊಡಬಹುದು. ಆದರೆ ಯಾರ ಮುಂದೆ ಅವರು ಉತ್ತರ ಕೊಡಬೇಕು ಅನ್ನುವುದು ಗೊತ್ತಾಗಬೇಕು. ಇಟಲಿಯನ್ನು ನೋಡಿ. 2011ರಲ್ಲಿ ಅರ್ಥಶಾಸ್ತ್ರಜ್ಞ ಮಾರಿಯೊ ಮೊಂಟಿ, 2021ರಲ್ಲಿ ಯುರೋಪಿನ ಕೇಂದ್ರ ಬ್ಯಾಂಕನ್ನು ನಡೆಸಿದ್ದ ಮಾರಿಯೊ ದ್ರಾಗಿ, ಇಬ್ಬರೂ ಚುನಾವಣೆ ಗೆಲ್ಲದೆ ಪ್ರಧಾನಿಯಾದವರು. ಆದರೆ ಇಬ್ಬರೂ ಸಂಸತ್ತಿನ ವಿಶ್ವಾಸ ಪಡೆಯಬೇಕಿತ್ತು. ದ್ರಾಗಿ 2022ರ ಜುಲೈನಲ್ಲಿ ಹೊರಟದ್ದು ಸಂಸತ್ತಿನಲ್ಲಿ ಪಕ್ಷಗಳು ಬೆಂಬಲ ಕೊಡದೆ ಹೋದಾಗ. ನಮ್ಮ ಮನಮೋಹನ್ ಸಿಂಗ್ 1999ರಲ್ಲಿ ದಕ್ಷಿಣ ದೆಹಲಿಯಲ್ಲಿ ಸೋತವರು, ರಾಜ್ಯಸಭೆಯಲ್ಲಿದ್ದೇ ಹತ್ತು ವರ್ಷ ಪ್ರಧಾನಿ. ಅಣು ಒಪ್ಪಂದಕ್ಕೆ 2008ರಲ್ಲಿ ಲೋಕಸಭೆಯಲ್ಲಿ ತಲೆ ಎಣಿಸಿ ಗೆಲ್ಲಬೇಕಾಯಿತು. ಮೈಸೂರಿನಲ್ಲಿ ಏನಿತ್ತು?

— ಪ್ರಜಾಪ್ರತಿನಿಧಿ ಸಭೆ ಇತ್ತು. ಆಗಿನ ದಿವಾನ ರಂಗಾಚಾರ್ಲು ಅವರು 1881ರಲ್ಲೇ ಶುರುಮಾಡಿದ್ದು. ನಮ್ಮ ದಿವಾನರು ಅದಕ್ಕೆ ವರ್ಷಕ್ಕೆ ಎರಡನೆಯ ಅಧಿವೇಶನ ಕೊಟ್ಟರು, ಶಾಸನಸಭೆಯ ಸದಸ್ಯರನ್ನು ಹೆಚ್ಚಿಸಿದರು, ಬಜೆಟ್ ಚರ್ಚಿಸುವ ಹಕ್ಕು ಕೊಟ್ಟರು. ಅದನ್ನೂ ಅವರ ಲೆಕ್ಕಕ್ಕೆ ಬರೆದುಕೋ.

— ಬರೆದುಕೊಂಡೆ. ಚರ್ಚಿಸುವ ಹಕ್ಕು ಕೊಟ್ಟರು. ದಿವಾನರನ್ನು ಇಳಿಸುವ ಹಕ್ಕಿರಲಿ, ತಡೆಯುವ ಹಕ್ಕೂ ಸಭೆಗೆ ಇರಲಿಲ್ಲ. ಅದಕ್ಕೇ ಪ್ರಜಾಮಿತ್ರ ಮಂಡಳಿಯವರು ಸಭೆಯಲ್ಲಿ ನಿರ್ಣಯ ಗೆಲ್ಲುವ ಬದಲು ಅರಮನೆಯ ಮುಂದೆ ನಿಲ್ಲಬೇಕಾಯಿತು. ಆ ದಿನ ದಿವಾನರ ಭವಿಷ್ಯ ನಿಶ್ಚಯಿಸುವ ಮತದಾರರು ಒಬ್ಬರೇ, ಮಹಾರಾಜರು. ಅದೃಷ್ಟಕ್ಕೆ ಅವರು ಬಹುಜನರ ಕಡೆ ನೋಡಿದರು. ಬೇರೆ ಯಾರಾದರೂ ಆ ಜಾಗದಲ್ಲಿದ್ದಿದ್ದರೆ?

— ಸಭೆಗೆ ಆ ಅಧಿಕಾರ ಇದ್ದಿದ್ದರೆ ಕನ್ನಂಬಾಡಿಯ ಪಾಯ ಬೀಳುತ್ತಿತ್ತಾ? ಎರಡೂವರೆ ಕೋಟಿ ಅಂದರೆ ಸದಸ್ಯರು ಬೆಚ್ಚಿಬೀಳುತ್ತಿದ್ದರು.

— ಬೆಚ್ಚುತ್ತಿದ್ದರು, ಖಂಡಿತ. ಆದರೆ ಪುಣೆಯ ರೈತರನ್ನು, ಅಲ್ಲಿನ ಪತ್ರಿಕೆಗಳನ್ನು ಕೂತು ಒಪ್ಪಿಸಿದವರು, ಮಂಡ್ಯದ ಸದಸ್ಯರನ್ನು ಒಪ್ಪಿಸಲು ಆಗದೆ ಹೋಗುತ್ತಿದ್ದರೇ? ಅವರಿಗೆ ಆ ಕಲೆ ಇತ್ತು ಮಾವ. ಎದುರಾಳಿ ಎದುರಿಗೆ ಕೂತಾಗ ಅವರು ತಮ್ಮ ಅತ್ಯುತ್ತಮ ಕೆಲಸ ಮಾಡಿದ್ದಾರೆ. ಹುದ್ದೆಗಳ ವಿಷಯದಲ್ಲಿ ಮಾತ್ರ ಎದುರಾಳಿಗಳು ಅವರೆದುರಿಗೆ ಕೂರಲೇ ಇಲ್ಲ. ಮನವಿ ಅರಮನೆಗೆ ಹೋಯಿತು, ಸಮಿತಿ ಜಡ್ಜರ ಕೈಗೆ ಹೋಯಿತು, ದಿವಾನರು ಮನೆಗೆ ಹೋದರು.

— ಸಭೆಯಲ್ಲೇ ಆಗಿದ್ದರೆ ಒಪ್ಪುತ್ತಿದ್ದರು ಅಂತೀಯಾ?

— ಗೊತ್ತಿಲ್ಲ. ಯಾವ ಇಲಾಖೆಯಲ್ಲಿ ಯಾರು ಎಷ್ಟು ಮಂದಿ ಅನ್ನುವ ಪಟ್ಟಿಯನ್ನು ಮೊದಲು ಅವರ ಮೇಜಿನ ಮೇಲೆ ಇಡಬೇಕಾಗುತ್ತಿತ್ತು. ಅಂಕಿ ಅಂಶ ಕಂಡರೆ ಸುಮ್ಮನೆ ಬಿಡುವವರಲ್ಲ ಅವರು. ಏಳು ವರ್ಷ ಅನ್ನುವ ಗಡುವನ್ನು ಹತ್ತಕ್ಕೆ ಎಳೆಯಿರಿ ಅಂತ ಜಗಳ ಮಾಡುತ್ತಿದ್ದರೇನೋ. ಅದಕ್ಕೆ ತಕ್ಕಂತೆ ಇನ್ನೆಷ್ಟು ಹೈಸ್ಕೂಲು, ಎಷ್ಟು ವಿದ್ಯಾರ್ಥಿವೇತನ ಬೇಕು ಅಂತ ಅವರೇ ಎಸ್ಟಿಮೇಟ್ ಹಾಕಿ, ಮರುದಿನ ಬೆಳಿಗ್ಗೆ ಸಭೆಗೆ ತರುತ್ತಿದ್ದರು.

— ಆ ಎಸ್ಟಿಮೇಟ್ ಹಾಕಿದ್ದರೆ ಅದಕ್ಕಿಂತ ಒಳ್ಳೆಯದನ್ನು ಆ ಕಾಲದಲ್ಲಿ ಬೇರೆ ಯಾರೂ ಹಾಕುತ್ತಿರಲಿಲ್ಲ ಕಣಮ್ಮ, ಅದಂತೂ ಸತ್ಯ.